ಕರುಣೆಯೆಂದರೆ ಬಿಟ್ಟುಬಿಡುವುದೇ?

ಕಾರವಾರದಲ್ಲಿ ನನ್ನನ್ನು ಬಲ್ಲ ಅನ್ಯಧರ್ಮದ ಸ್ನೇಹಿತರೂ ಈಚೆಗೆ ನಮ್ಮದೇ ಇಗರ್ಜಿಯ ಯುವಕರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: “ನಿಮ್ಮಲ್ಲಿ ಎಲ್ಲರಿಗೂ ಕರುಣೆ ತೋರಿಸಬೇಕು ಎನ್ನುತ್ತಾರಲ್ಲ, ಹಾಗಾದರೆ ಮೋಸ ಮಾಡಿದವನನ್ನೂ ಸುಮ್ಮನೆ ಬಿಟ್ಟುಬಿಡುವುದೇ?” ಬರಿಯ ಕುತೂಹಲದಿಂದ ಇದನ್ನು ಕೇಳುವವರು ಕಡಿಮೆ. ಅಣ್ಣತಮ್ಮಂದಿರಿಂದ ಆಸ್ತಿಯ ಪಾಲು ದಕ್ಕದವರು, ನಂಬಿ ಕೊಟ್ಟ ಸಾಲ ಹಿಂದಿರುಗದವರು ಕೇಳುತ್ತಾರೆ. ಅಂಥವರಿಗೆ ‘ಕರುಣೆಯುಳ್ಳವರು ಧನ್ಯರು’ ಎಂಬ ಬೈಬಲಿನ ವಾಕ್ಯವನ್ನಷ್ಟೇ ಹೇಳಿ ಕಳುಹಿಸುವುದು ನನಗೆ ಸರಿಕಾಣುವುದಿಲ್ಲ.

ಮತ್ತಾಯನ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ ಯೇಸುವಿನ ಶಿಷ್ಯ ಪೇತ್ರನೂ ಹೆಚ್ಚುಕಡಿಮೆ ಇದನ್ನೇ ಕೇಳುತ್ತಾನೆ: ಸಹೋದರನು ತಪ್ಪು ಮಾಡಿದರೆ ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೇ? ಏಳಲ್ಲ, ಏಳೆಪ್ಪತ್ತು ಸಲ ಎಂದು ಹೇಳಿದ ಯೇಸು ಒಂದು ಸಾಮತಿಯನ್ನೂ, ಅಂದರೆ ದೃಷ್ಟಾಂತ ಕಥೆಯನ್ನೂ ಹೇಳುತ್ತಾರೆ. ಅರಸನೊಬ್ಬನು ತನ್ನ ಸೇವಕರ ಲೆಕ್ಕ ನೋಡಲು ಕುಳಿತಾಗ, ಒಬ್ಬನು ಹತ್ತು ಸಾವಿರ ತಲಾಂತು ಬಾಕಿ ಉಳಿಸಿಕೊಂಡಿರುವುದು ಗೊತ್ತಾಗುತ್ತದೆ. ಅವನು ಕಾಲಿಗೆ ಬಿದ್ದು ಬೇಡಿದಾಗ ಅರಸನು ಅಷ್ಟನ್ನೂ ಮನ್ನಾ ಮಾಡುತ್ತಾನೆ. ಹೊರಗೆ ಹೋದ ಆ ಸೇವಕ ತನಗೆ ನೂರು ದಿನಾರಿ ಕೊಡಬೇಕಿದ್ದ ಜೊತೆಗಾರನ ಕುತ್ತಿಗೆ ಹಿಡಿದು ಅವನನ್ನು ಸೆರೆಮನೆಗೆ ಹಾಕಿಸುತ್ತಾನೆ.

ಈ ಕಥೆಯನ್ನು ಕೇಳಿಸುವಾಗ ನೂರು ದಿನಾರಿಯನ್ನು ಚಿಲ್ಲರೆ ಹಣವೆಂಬಂತೆ ಹೇಳುವುದುಂಟು, ಅದು ತಪ್ಪು. ಒಂದು ದಿನಾರಿಯೆಂದರೆ ಆಗಿನ ಕೂಲಿಯವನ ಒಂದು ದಿನದ ಸಂಬಳ. ನಮ್ಮ ಕರಾವಳಿಯಲ್ಲಿ ಈಗ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ ಮೀನುಗಾರಿಕೆ ನಿಷೇಧವಿರುತ್ತದೆ. ಆ ಎರಡು ತಿಂಗಳನ್ನು ದಾಟುವುದೇ ಎಷ್ಟು ಕಷ್ಟವೆಂದು ಬಲ್ಲವರಿಗೆ ನೂರು ದಿನದ ದುಡಿಮೆ ಕಳೆದುಕೊಳ್ಳುವುದು ಏನೆಂದು ತಿಳಿಯುತ್ತದೆ. ಇನ್ನು ಒಂದು ತಲಾಂತಿಗೆ ಸುಮಾರು ಆರು ಸಾವಿರ ದಿನಾರಿ; ಹತ್ತು ಸಾವಿರ ತಲಾಂತೆಂದರೆ ಆರು ಕೋಟಿ ದಿನಗಳ ಕೂಲಿ, ಯಾವ ಮನುಷ್ಯನೂ ದುಡಿದು ತೀರಿಸಲಾಗದ್ದು. ನಮಗಾದ ನಷ್ಟ ಸಣ್ಣದೆಂದು ಯೇಸು ಎಲ್ಲಿಯೂ ಹೇಳುತ್ತಿಲ್ಲ. ಅದು ನೂರು ದಿನದ ಕೂಲಿಯಷ್ಟು ನಿಜವಾದದ್ದೆಂದು ಒಪ್ಪಿಕೊಂಡೇ, ನಾವು ದೇವರಿಂದ ಮನ್ನಾ ಪಡೆದಿರುವುದು ಅದರ ಆರು ಲಕ್ಷ ಪಟ್ಟು ಎಂದು ನೆನಪಿಸುತ್ತಿದ್ದಾರೆ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು: ಅರಸನು ಮೊದಲು ಲೆಕ್ಕ ನೋಡಿದನು, ಆಮೇಲೆ ಬಿಟ್ಟನು. ಲೆಕ್ಕವನ್ನೇ ನೋಡದೆ “ಇರಲಿ ಬಿಡು, ಏನಾಗಿಲ್ಲ” ಎನ್ನುವುದಕ್ಕೆ ಕರುಣೆ ಎಂಬ ಹೆಸರು ಸಲ್ಲದು. ಹಲವು ಸಲ ಅದು ಜಗಳಕ್ಕೆ ಹೆದರಿ ಆಡುವ ಮಾತು. ಸಾಲ ಮನ್ನಾ ಮಾಡಿದ ಅರಸನ ಮನಸ್ಸನ್ನೂ, ಯೇಸು ಹೇಳಿದ ಬೇರೆ ಎರಡು ಸಾಮತಿಗಳಲ್ಲಿ ದಾರಿಯಲ್ಲಿ ಬಿದ್ದವನನ್ನು ಕಂಡ ಸಮಾರ್ಯದವನ ಮನಸ್ಸನ್ನೂ, ಮರಳಿ ಬಂದ ದುಂದುಗಾರ ಮಗನನ್ನು ದೂರದಿಂದಲೇ ಕಂಡ ತಂದೆಯ ಮನಸ್ಸನ್ನೂ ಹೇಳಲು ಗ್ರೀಕ್ ಮೂಲದಲ್ಲಿ ಒಂದೇ ಕ್ರಿಯಾಪದವಿದೆ, ಮತ್ತು ಅದು ಹೊಟ್ಟೆಯೊಳಗಿನ ಅಂಗಗಳನ್ನು ಸೂಚಿಸುವ ಪದದಿಂದ ಬಂದದ್ದು. ಕನ್ನಡದಲ್ಲಿ ನಾವು ಕರುಳು ಚುರುಕ್ಕೆಂದಿತು ಎನ್ನುವುದೂ ಇದನ್ನೇ.

ನಾನು ಇದನ್ನು ಪುಸ್ತಕಕ್ಕಿಂತ ಮೊದಲು ಮನೆಯಲ್ಲಿ ಕಲಿತೆ. ಬೈತಖೋಲ ಬಂದರಿನಲ್ಲಿ ಅಪ್ಪ ಮತ್ತು ಅವರ ಗೆಳೆಯರೊಬ್ಬರು ಪಾಲಿನಲ್ಲಿ ಒಂದು ದೋಣಿ ಇಟ್ಟುಕೊಂಡಿದ್ದರು. ಮಳೆಗಾಲದಲ್ಲಿ ಖಲಾಸಿಗಳಿಗೆ, ಅಂದರೆ ದೋಣಿಯಲ್ಲಿ ದುಡಿಯುವವರಿಗೆ, ಮುಂಗಡ ಕೊಡುವುದು ರೂಢಿ. ಒಂದು ವರ್ಷ ಹೀಗೆ ದೊಡ್ಡ ಮೊತ್ತ ಪಡೆದವನೊಬ್ಬ ದೋಣಿ ಕಡಲಿಗಿಳಿಯುವ ಹೊತ್ತಿಗೆ ಬೇರೆ ಬಂದರಿನ ದೋಣಿಯೊಂದನ್ನು ಸೇರಿಕೊಂಡ. ಡಿಸೇಲು, ಮಂಜುಗಡ್ಡೆಗೆಂದು ಇಟ್ಟಿದ್ದ ಹಣವೇ ಅವನ ಕೈ ಸೇರಿತ್ತು. ಹೆಂಡತಿಯ ಕಾಯಿಲೆಗೆ ಅದು ಖರ್ಚಾಗಿತ್ತೆಂದು ತಿಂಗಳುಗಳ ಮೇಲೆ ತಿಳಿಯಿತು. ಅವನು ಮನೆಗೆ ಬಂದು ಅಂಗಳದಲ್ಲಿ ನಿಂತಾಗ ಅಪ್ಪ ಲೆಕ್ಕದ ಪುಸ್ತಕ ತರಿಸಿ, ಅವನೆದುರೇ ಮೊತ್ತವನ್ನು ಗಟ್ಟಿಯಾಗಿ ಓದಿ, ತನ್ನ ಅರ್ಧವನ್ನು ಹೊಡೆದುಹಾಕಿದರು. ಉಳಿದ ಅರ್ಧದ ಬಗ್ಗೆ ಅವನಿಗೆ ಏನೂ ಹೇಳಲಿಲ್ಲ. ಪಾಲುದಾರರ ಆ ಅರ್ಧವನ್ನು ನಾಲ್ಕು ಕಂತುಗಳಲ್ಲಿ ತಾವೇ ಕೊಟ್ಟು ತೀರಿಸಿದರು. ಕಾರಣ ಕೇಳಿದ ಅಮ್ಮನಿಗೆ ಅವರು ಹೇಳಿದ್ದಿಷ್ಟು: “ಅವರ ದುಡ್ಡಿನಲ್ಲಿ ನಾನು ದೊಡ್ಡ ಮನಸ್ಸು ತೋರಿಸುವುದು ಹೇಗೆ?”

ನನಗೆ ಬರುವ ಪ್ರಶ್ನೆಗೆ ನನ್ನ ಉತ್ತರದ ತಿರುಳು ಆ ಮಾತಿನಲ್ಲಿದೆ. ನನಗಾದ ಅನ್ಯಾಯವನ್ನು ನಾನು ಮನ್ನಿಸಬಲ್ಲೆ, ಮನ್ನಿಸಲೇಬೇಕು. ಬೇರೆಯವರಿಗಾದ ಅನ್ಯಾಯವನ್ನು ಅವರ ಪರವಾಗಿ ಮನ್ನಿಸುವ ಅಧಿಕಾರ ನನಗಿಲ್ಲ. ಮಕ್ಕಳ ಪಾಲಿನ ಭೂಮಿಯೂ ಸೇರಿರುವಲ್ಲಿ, ನ್ಯಾಯಾಲಯಕ್ಕೆ ಹೋದ ತಾಯಿಯನ್ನು ಕರುಣೆಯಿಲ್ಲದವಳೆಂದು ನಾನು ಹೇಳಲಾರೆ. ತೆರಿಗೆ ವಸೂಲಿಯ ಜಕ್ಕಾಯನ ಮನೆಗೆ ಯೇಸು ಕರೆಯದೆಯೇ ಹೋದರು; ಅನ್ಯಾಯವಾಗಿ ಪಡೆದುದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದು ಅವನು ಹೇಳಿದಾಗ, ಬೇಡವೆನ್ನಲಿಲ್ಲ. ನಮ್ಮ ಕಥೋಲಿಕ ಧರ್ಮಸಭೆ ಎಣಿಸುವ ಹದಿನಾಲ್ಕು ಕರುಣೆಯ ಕಾರ್ಯಗಳಲ್ಲಿ ಅಪರಾಧಗಳನ್ನು ಕ್ಷಮಿಸುವುದು ಸೇರಿರುವಂತೆ ತಪ್ಪು ದಾರಿ ಹಿಡಿದವರನ್ನು ತಿದ್ದುವುದೂ ಸೇರಿದೆ.

1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಕ್ರೈಸ್ತ ಮಿಷನರಿ ಗ್ರಹಾಂ ಸ್ಟೇನ್ಸ್ ಅವರನ್ನೂ ಅವರ ಇಬ್ಬರು ಗಂಡುಮಕ್ಕಳನ್ನೂ ವಾಹನದಲ್ಲಿ ಮಲಗಿದ್ದಾಗ ಸುಟ್ಟು ಕೊಂದರು. ಪತ್ನಿ ಗ್ಲಾಡಿಸ್ ಸ್ಟೇನ್ಸ್ ಕೊಲೆಗಾರರನ್ನು ಕ್ಷಮಿಸಿರುವುದಾಗಿ ಬಹಿರಂಗವಾಗಿ ಹೇಳಿ, ಬಾರಿಪದದ ಕುಷ್ಠರೋಗಿಗಳ ಸೇವೆಯನ್ನು ಕೆಲವು ವರ್ಷ ಮುಂದುವರಿಸಿದರು. ಮೊಕದ್ದಮೆ ತನ್ನ ದಾರಿಯಲ್ಲಿ ನಡೆಯಿತು. ಮುಖ್ಯ ಅಪರಾಧಿಗೆ ವಿಧಿಸಿದ್ದ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಆ ಕ್ಷಮೆಗೂ ಈ ತೀರ್ಪಿಗೂ ನಡುವೆ ನನಗೆ ವಿರೋಧ ಕಾಣುವುದಿಲ್ಲ. ತನ್ನ ಎದೆಯಲ್ಲಿ ದ್ವೇಷಕ್ಕೆ ಜಾಗ ಕೊಡದಿರುವುದು ಆ ತಾಯಿಯ ಕೈಯಲ್ಲಿತ್ತು. ಇನ್ನೊಂದು ಮನೆಗೆ ಹಾಗಾಗದಂತೆ ನೋಡಿಕೊಳ್ಳುವುದು ನ್ಯಾಯಾಲಯದ ಹೊಣೆಯಾಗಿತ್ತು.

ಇಷ್ಟು ಹೇಳಿದ ಮೇಲೆ ಹೆಚ್ಚಿನವರು ಇನ್ನೊಂದನ್ನು ಕೇಳುತ್ತಾರೆ: ಕ್ಷಮಿಸಿದವನನ್ನು ಮತ್ತೆ ನಂಬಬೇಕೇ? ಅಪ್ಪ ಮುಂದಿನ ಆಗಸ್ಟಿನಲ್ಲಿ ಅದೇ ಖಲಾಸಿಯನ್ನು ದೋಣಿಗೆ ಕರೆದರು. ಮುಂಗಡ ಕೊಡಲಿಲ್ಲ, ದೋಣಿ ದಡಕ್ಕೆ ಬಂದು ಮೀನು ಮಾರಿದ ದಿನವೇ ಅವನ ಪಾಲನ್ನು ಕೈಗೆ ಕೊಡುತ್ತಿದ್ದರು, ಹಳೆಯ ಬಾಕಿಗೆಂದು ಅದರಲ್ಲಿ ಏನನ್ನೂ ಮುರಿದುಕೊಳ್ಳುತ್ತಿರಲಿಲ್ಲ. ಮೂರನೆಯ ವರ್ಷ ಮಳೆ ಹಿಡಿದಾಗ, ಅವನು ಕೇಳದೆಯೇ, ಮುಂಗಡವನ್ನೂ ಕೊಟ್ಟರು.