ಹಳೆಯ ಹೋಂಡಾ ಸಿಟಿಗೆ ಟರ್ಬೋ ಕೂರಿಸುವುದೋ, ಎಂಜಿನ್ನನ್ನೇ ಬದಲಿಸುವುದೋ

ಭಾರತದಲ್ಲಿ 1998ರಿಂದ 2003ರವರೆಗೆ ಮಾರಾಟವಾದ ಮೊದಲ ತಲೆಮಾರಿನ ಹೋಂಡಾ ಸಿಟಿಯನ್ನು, ಅದರಲ್ಲೂ 1.5 ಲೀಟರಿನ ವಿಟೆಕ್ ಮಾದರಿಯನ್ನು, ಇಂದಿಗೂ ಜತನದಿಂದ ಕಾಪಾಡಿಕೊಂಡು ಬಂದವರು ನಮ್ಮ ಊರುಗಳಲ್ಲಿ ಸಾಕಷ್ಟು ಮಂದಿ ಇದ್ದಾರೆ. ನಾನೂ ಅವರಲ್ಲೊಬ್ಬ. 106 ಅಶ್ವಶಕ್ತಿ, ಒಂದು ಟನ್ನಿಗೆ ತುಸು ಹೆಚ್ಚಿನ ತೂಕ, ಸರಾಗವಾಗಿ ಮೇಲೇರುವ ಎಂಜಿನ್: ಆ ಕಾಲಕ್ಕೆ ಇದು ಅಪರೂಪದ ಕಾರು. ಇಂದು ಪುಟ್ಟ ಹ್ಯಾಚ್‌ಬ್ಯಾಕುಗಳೂ ಟರ್ಬೋದೊಂದಿಗೆ ಅಷ್ಟೇ ಶಕ್ತಿಯನ್ನು ಕೊಡುತ್ತಿರುವಾಗ, ಹಳೆಯ ಸಿಟಿಯ ಒಡೆಯನಿಗೆ ಇನ್ನಷ್ಟು ಬೇಕೆನಿಸುವುದು ಸಹಜ. ಆಗ ಎದುರಾಗುವ ದಾರಿಗಳು ಎರಡು. ಕಾರಿನಲ್ಲಿ ಈಗಿರುವ, ಹೋಂಡಾದ ಡಿ ಸರಣಿಯ ಎಂಜಿನ್ನಿಗೆ ಟರ್ಬೋ, ಅಂದರೆ ಹೊರಹೋಗುವ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ, ಜೋಡಿಸಬಹುದು, ಇಲ್ಲವೇ ಆ ಎಂಜಿನ್ನನ್ನೇ ಕೆಳಗಿಳಿಸಿ ಹೋಂಡಾದ್ದೇ ಆದ ಬಿ ಸರಣಿಯ ಎಂಜಿನ್ ಏರಿಸಬಹುದು. ಎಂಜಿನ್ ಆರೋಗ್ಯವಾಗಿದ್ದರೆ ಕಡಿಮೆ ಒತ್ತಡದ ಟರ್ಬೋವೇ ಈ ಕಾರಿಗೆ ತಕ್ಕದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಎಂಜಿನ್ ಬದಲಾವಣೆಯ ಮಾತು. 1989ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ, ಬಿ ಸರಣಿಯದೇ ಆದ ಬಿ16ಎ ಎಂಜಿನ್ 1.6 ಲೀಟರಿನಲ್ಲಿ, ಟರ್ಬೋ ಇಲ್ಲದೆಯೇ, 160 ಅಶ್ವಶಕ್ತಿ ಕೊಡುತ್ತಿತ್ತು. ಅದರ ಗುಣವನ್ನು ಯಾರೂ ಅಲ್ಲಗಳೆಯಲಾರರು. ಮೇಲಿನ ವೇಗಗಳಲ್ಲಿ ಗಂಟೆಗಟ್ಟಲೆ ದುಡಿಯುವಂತೆಯೇ ಅದನ್ನು ರೂಪಿಸಲಾಗಿದೆ. ಅದರ ರಾಡು, ಬೇರಿಂಗು, ಹೆಡ್ಡು ಎಲ್ಲವೂ ಆ ಶಕ್ತಿಗೆಂದೇ ಕಾರ್ಖಾನೆಯಲ್ಲಿ ತಯಾರಾದವು. ಆದರೆ ಎಂಜಿನ್ ಒಂಟಿಯಾಗಿ ಬರುವುದಿಲ್ಲ. ಡಿ ಸರಣಿಯ ಗೇರ್‌ಬಾಕ್ಸ್ ಬಿ ಸರಣಿಯ ಎಂಜಿನ್ನಿಗೆ ಕೂರುವುದಿಲ್ಲವಾದ್ದರಿಂದ ಗೇರ್‌ಬಾಕ್ಸನ್ನೂ ತರಬೇಕು. ಗೇರ್‌ಬಾಕ್ಸ್ ಬದಲಾದರೆ ಆಕ್ಸಲ್, ಕ್ಲಚ್ಚಿನ ಜೋಡಣೆ, ಎಂಜಿನ್ ಮೌಂಟಿಂಗು, ವೈರಿಂಗು, ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್), ಸೈಲೆನ್ಸರಿನ ಪೈಪು ಎಲ್ಲವೂ ಬದಲಾಗುತ್ತವೆ. ಇದರ ಜೊತೆಗೆ ಮೂತಿಯ ಮೇಲಿನ ಭಾರವೂ ಏರುತ್ತದೆ, ಮತ್ತು ಈ ಸಿಟಿಯ ತಿರುವುಗಳಲ್ಲಿನ ಚುರುಕುತನಕ್ಕೆ ಹಗುರವಾದ ಮೂತಿಯೇ ಬಹುಮಟ್ಟಿಗೆ ಕಾರಣ.

ಇದಕ್ಕಿಂತ ದೊಡ್ಡ ಪ್ರಶ್ನೆ ಎಂಜಿನ್ನಿನ ವಯಸ್ಸಿನದು. ಇಂದು ಸಿಗುವ ಬಿ16ಎ ಕನಿಷ್ಠ ಎರಡೂವರೆ ದಶಕ ಹಳೆಯದು. ಎಲ್ಲೋ ಯಾವುದೋ ಕಾರಿನಿಂದ ಕಳಚಿ ತಂದ ಆ ಎಂಜಿನ್ ಎಷ್ಟು ಓಡಿದೆ, ಎಣ್ಣೆ ಸಕಾಲಕ್ಕೆ ಬದಲಾಗಿತ್ತೇ, ಒಮ್ಮೆಯಾದರೂ ಬಿಸಿಯೇರಿ ನಿಂತಿತ್ತೇ ಎಂಬುದನ್ನು ನೆಲದ ಮೇಲಿಟ್ಟ ಸ್ಥಿತಿಯಲ್ಲಿ ತಿಳಿಯುವುದು ಕಷ್ಟ. ಸೀಲುಗಳು, ಟೈಮಿಂಗ್ ಬೆಲ್ಟು, ವಾಟರ್ ಪಂಪು, ಕ್ಲಚ್ ಪ್ಲೇಟು ಇವನ್ನೆಲ್ಲ ಹೊಸದಾಗಿ ಹಾಕದೆ ಅಂಥ ಎಂಜಿನ್ನನ್ನು ಏರಿಸಬಾರದು. ಮುಂದೆ ಚಿಕ್ಕದೊಂದು ಸೆನ್ಸರ್ ಕೈಕೊಟ್ಟರೂ ಬೆಂಗಳೂರಿನಲ್ಲಿ ವಾಹನಗಳ ಬಿಡಿಭಾಗ ಮಾರುವ ಜೆ.ಸಿ. ರಸ್ತೆಯ ಯಾವ ಅಂಗಡಿಯಲ್ಲೂ ಅದು ಸುಲಭವಾಗಿ ಸಿಗುವುದಿಲ್ಲ.

ಇನ್ನು ಟರ್ಬೋ. ಎಂಜಿನ್ನಿನ ಶಕ್ತಿ ನಿಂತಿರುವುದು ಅದು ಉಸಿರಾಡುವ ಗಾಳಿಯ ಪ್ರಮಾಣದ ಮೇಲೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಶೇಕಡಾ ಹತ್ತರಷ್ಟು ಕಡಿಮೆ. ಹಾಗಾಗಿ ನಮ್ಮ 106 ಅಶ್ವಶಕ್ತಿಯ ಎಂಜಿನ್ ಇಲ್ಲಿ ಕೊಡುವುದು 95ರ ಆಸುಪಾಸು. ಟರ್ಬೋ ಈ ಕೊರತೆಯನ್ನು ತುಂಬಿ, ಅದರ ಮೇಲೂ ಕೊಡುತ್ತದೆ. ಆದರೆ ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ, ಮತ್ತು ಟರ್ಬೋವಿನ ಲೆಕ್ಕವೆಲ್ಲ ಈ ಬಿಸಿಯ ಸುತ್ತಲೇ ತಿರುಗುತ್ತದೆ. 30 ಡಿಗ್ರಿಯ ಗಾಳಿಯನ್ನು 1.4 ಪಟ್ಟು ಒತ್ತಡಕ್ಕೆ ಏರಿಸಿದಾಗ, ಟರ್ಬೋವಿನಲ್ಲಿ ಗಾಳಿಯನ್ನು ಒತ್ತುವ ಭಾಗವಾದ ಕಂಪ್ರೆಸರಿನ ದಕ್ಷತೆ ಶೇಕಡಾ 65 ಎಂದು ಹಿಡಿದರೆ, ಅದು ಹೊರಬರುವಾಗ ಸುಮಾರು 77 ಡಿಗ್ರಿಯಲ್ಲಿರುತ್ತದೆ. ಬಿಸಿಯಾದ ಗಾಳಿ ಹಿಗ್ಗುವುದರಿಂದ ಶೇಕಡಾ ನಲವತ್ತರಷ್ಟು ಹೆಚ್ಚಬೇಕಾದ ಗಾಳಿ ಶೇಕಡಾ ಇಪ್ಪತ್ತೊಂದರಷ್ಟು ಮಾತ್ರ ಹೆಚ್ಚುತ್ತದೆ. ಅದನ್ನೇ ಗಾಳಿ ತಣಿಸುವ ರೇಡಿಯೇಟರಿನಂಥ ಇಂಟರ್‌ಕೂಲರ್ ಮೂಲಕ ಹಾಯಿಸಿ 45 ಡಿಗ್ರಿಗೆ ಇಳಿಸಿದರೆ ಲಾಭ ಶೇಕಡಾ ಮೂವತ್ತಮೂರಕ್ಕೆ ಏರುತ್ತದೆ. ಸಮುದ್ರಮಟ್ಟದ ಲೆಕ್ಕದಲ್ಲಿ ಇದು ಸರಿಸುಮಾರು 140 ಅಶ್ವಶಕ್ತಿ. ನಾಲ್ಕು ದಶಕಗಳ ಹಿಂದೆಯೇ ಹೋಂಡಾ ಇದನ್ನು ತೋರಿಸಿಕೊಟ್ಟಿದೆ: 1982ರಲ್ಲಿ ಜಪಾನಿನಲ್ಲಿ ಬಂದ ಸಿಟಿ ಟರ್ಬೋ, ಇದೇ ಹೆಸರಿನ ಬೇರೆಯದೇ ಆದ ಪುಟ್ಟ ಕಾರು, 1.2 ಲೀಟರಿನಲ್ಲಿ 100 ಅಶ್ವಶಕ್ತಿ ಕೊಡುತ್ತಿತ್ತು. ಮರುವರ್ಷ ಇಂಟರ್‌ಕೂಲರಿನೊಂದಿಗೆ ಬಂದ ಟರ್ಬೋ ಟೂ 110 ಕೊಟ್ಟಿತು.

ಇಂಟರ್‌ಕೂಲರ್ ಬೇಕೇ ಬೇಕೆನ್ನಲು ಶಕ್ತಿಗಿಂತ ಮಿಗಿಲಾದ ಕಾರಣವೊಂದಿದೆ. ಟರ್ಬೋ ಇಲ್ಲದೆ ನಡೆಯಲೆಂದು ಮಾಡಿದ ಈ ಎಂಜಿನ್ನಿನ ಕಂಪ್ರೆಷನ್ ಅನುಪಾತ, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಅದುಮುತ್ತದೆ ಎಂಬುದು, ಮೊದಲೇ ಹೆಚ್ಚು. ಅದಕ್ಕೆ ಬಿಸಿಯಾದ, ಒತ್ತಿದ ಗಾಳಿಯನ್ನು ತುಂಬಿದರೆ, ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹೊರಟ ಉರಿ ತಲುಪುವ ಮುನ್ನವೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಇದೇ ನಾಕಿಂಗ್. ಕೆಲವೇ ಸೆಕೆಂಡುಗಳ ಕಾಲ ಜೋರಾಗಿ ನಡೆದರೂ ಸಾಕು, ಪಿಸ್ಟನ್ನಿನ ರಿಂಗುಗಳ ನಡುವಿನ ಅಂಚು ಮುರಿಯಬಹುದು. ಒತ್ತಡ ಏರಿದಂತೆ ಕಿಡಿಯನ್ನು ತಡಮಾಡಬೇಕು, ಪೆಟ್ರೋಲನ್ನು ಧಾರಾಳವಾಗಿ ಕೊಡಬೇಕು. 140 ಅಶ್ವಶಕ್ತಿಗೆ ಪ್ರತಿ ಇಂಜೆಕ್ಟರ್ ನಿಮಿಷಕ್ಕೆ ಸುಮಾರು 260 ಸಿಸಿ ಪೆಟ್ರೋಲ್ ಚಿಮ್ಮಿಸಬಲ್ಲದ್ದಾಗಿರಬೇಕು. ಈಗ ಬಂಕುಗಳಲ್ಲಿ ಸಿಗುವ ಎಥೆನಾಲ್ ಬೆರೆತ ಪೆಟ್ರೋಲ್ ನಾಕಿಂಗನ್ನು ತಡೆಯುವಲ್ಲಿ ನೆರವಾಗುತ್ತದೆಯಾದರೂ, ಅಷ್ಟೇ ಶಕ್ತಿಗೆ ಅದು ಹೆಚ್ಚು ಪ್ರಮಾಣದಲ್ಲಿ ಬೇಕಾಗುವುದರಿಂದ ಇಂಜೆಕ್ಟರನ್ನು ಇನ್ನೂ ಒಂದು ಮೆಟ್ಟಿಲು ದೊಡ್ಡದಾಗಿಯೇ ಆರಿಸಬೇಕು, ಹಳೆಯ ರಬ್ಬರ್ ಪೈಪುಗಳನ್ನೂ ಬದಲಿಸಬೇಕು. ಮೂಲ ಇಸಿಯುವಿಗೆ ಈ ಹೊಸ ಒತ್ತಡದ ಅರಿವೇ ಇರುವುದಿಲ್ಲ. ಆದ್ದರಿಂದ ಪ್ರೋಗ್ರಾಂ ಮಾಡಬಲ್ಲ ಇಸಿಯು, ಗಾಳಿ-ಪೆಟ್ರೋಲಿನ ಅನುಪಾತವನ್ನು ನಿಖರವಾಗಿ ಅಳೆಯುವ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಮತ್ತು ಶಕ್ತಿ ಅಳೆಯುವ ಡೈನೋ ಯಂತ್ರದ ಮೇಲೆ ಕೂತು ತಾಳ್ಮೆಯಿಂದ ಟ್ಯೂನ್ ಮಾಡುವ ಮನುಷ್ಯ, ಈ ಮೂರರಲ್ಲಿ ಒಂದಿಲ್ಲದಿದ್ದರೂ ಟರ್ಬೋವಿನ ಯೋಚನೆಯನ್ನು ಕೈಬಿಡುವುದೇ ಲೇಸು.

ಡಿ ಸರಣಿಯ ದೌರ್ಬಲ್ಯವೆಂದರೆ ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ಅದರ ತೆಳುವಾದ ಕನೆಕ್ಟಿಂಗ್ ರಾಡುಗಳು. ಇಲ್ಲಿ ಅಶ್ವಶಕ್ತಿಗಿಂತ ಟಾರ್ಕಿನ, ಅಂದರೆ ತಿರುಗಿಸುವ ಬಲದ, ಕಡೆ ಗಮನವಿಡಬೇಕು. ಎಂಜಿನ್ ಅತಿವೇಗದಲ್ಲಿ ತಿರುಗುವಾಗ ರಾಡು ಎಳೆತಕ್ಕೆ ಸಿಗುತ್ತದೆ. ಕಡಿಮೆ ವೇಗದಲ್ಲಿ ಒಮ್ಮೆಲೇ ಒತ್ತಡ ಏರಿದಾಗ ಅದು ಅದುಮಿಸಿಕೊಂಡು ಬಾಗುತ್ತದೆ. ಬೇಗ ಎಚ್ಚರಗೊಳ್ಳುವ ಅತಿ ಚಿಕ್ಕ ಟರ್ಬೋ ಊರೊಳಗೆ ಓಡಿಸಲು ಹಿತವೆನಿಸಿದರೂ ರಾಡುಗಳಿಗೆ ಅದೇ ಹೆಚ್ಚು ಅಪಾಯಕಾರಿ. ಟರ್ಬೋ ಸೇರಿಸುವ ಒತ್ತಡಕ್ಕೆ 0.4 ಬಾರ್‌ನ, ಅಂದರೆ ಮೇಲೆ ಹೇಳಿದ 1.4 ಪಟ್ಟಿನ ಆಸುಪಾಸಿನ, ಮಿತಿ ಹಾಕಿ, ಆ ಒತ್ತಡ ನಿಮಿಷಕ್ಕೆ 3,500 ಸುತ್ತುಗಳ ನಂತರವೇ ಪೂರ್ತಿಯಾಗಿ ಬರುವಂತೆ ನಿಯಂತ್ರಿಸಿದರೆ ಮೂಲ ರಾಡುಗಳು ತಡೆದುಕೊಳ್ಳುತ್ತವೆ. 200 ಅಶ್ವಶಕ್ತಿಯ ಆಸೆಯಿದ್ದರೆ ಎಂಜಿನ್ ಬಿಚ್ಚಿ ಫೋರ್ಜ್ಡ್ (ಲೋಹವನ್ನು ಬಡಿದು ಗಟ್ಟಿಗೊಳಿಸಿದ) ರಾಡು, ಪಿಸ್ಟನ್ ಹಾಕಿಸಬೇಕು, ಕ್ಲಚ್ಚನ್ನೂ ಬಲಪಡಿಸಬೇಕು. ಅಷ್ಟು ಖರ್ಚು ಮಾಡುವವರಿಗೆ ಬಿ ಸರಣಿಯ ಬದಲಾವಣೆಯೇ ಮೇಲು ಎಂದು ಹೇಳಲು ನನಗೆ ಅಳುಕಿಲ್ಲ.

ಇವೆಲ್ಲಕ್ಕೂ ಮುಂಚೆ ಆಗಬೇಕಾದದ್ದು ಕಂಪ್ರೆಷನ್ ಪರೀಕ್ಷೆ, ಅಂದರೆ ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಹಿಡಿದಿಡುತ್ತದೆಂದು ನೋಡುವುದು. ಎಂಜಿನ್ ಬಿಸಿಯಿರುವಾಗ ನಾಲ್ಕೂ ಪ್ಲಗ್ ಬಿಚ್ಚಿ, ಗೇಜ್ ಇಟ್ಟು, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಸ್ಟಾರ್ಟರ್ ತಿರುಗಿಸಬೇಕು. ಸಿಲಿಂಡರುಗಳ ನಡುವೆ ಶೇಕಡಾ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ, ಕಡಿಮೆ ತೋರಿದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ಅಂಕಿ ಏರಿದರೆ ರಿಂಗು ಸವೆದಿದೆ. ಏರದಿದ್ದರೆ ವಾಲ್ವು ಸರಿಯಾಗಿ ಕೂರುತ್ತಿಲ್ಲ, ಇಲ್ಲವೇ ಹೆಡ್ ಗ್ಯಾಸ್ಕೆಟ್ ಸೋರುತ್ತಿದೆ. ಸವೆದ ಎಂಜಿನ್ನಿಗೆ ಟರ್ಬೋ ಕೂರಿಸುವುದೆಂದರೆ ಮುದಿ ಎತ್ತಿನ ಮೇಲೆ ಇನ್ನೊಂದು ಮೂಟೆ ಹೇರಿದಂತೆ. ಅಂಥ ಕಾರಿಗೆ ಮೊದಲು ಬೋರ್ ಮಾಡಿಸಿ ಹೊಸ ರಿಂಗು ಹಾಕಿಸಬೇಕು, ಇಲ್ಲವೇ ಇನ್ನೊಂದು ಸಿಟಿಯಿಂದ ಅದೇ ಮಾದರಿಯ ಒಳ್ಳೆಯ ಎಂಜಿನ್ ಹುಡುಕಬೇಕು.

ಕಾನೂನಿನ ವಿಷಯವನ್ನು ಹಗುರವಾಗಿ ನೋಡುವವರನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ನಿಗದಿಪಡಿಸಿದ ವಿವರಗಳಿಗೂ ಆರ್‌ಸಿಯಲ್ಲಿನ ವಿವರಗಳಿಗೂ ತಾಳೆಯಾಗದಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಇನ್ನಷ್ಟು ಬಿಗಿಯಾಗಿ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಪ್ರತಿ ಮಾರ್ಪಾಟಿಗೂ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಈ ಸಿಟಿಗಳೆಲ್ಲ ಹದಿನೈದು ವರ್ಷ ದಾಟಿದವು. ನೋಂದಣಿ ನವೀಕರಣಕ್ಕೆ ಆರ್‌ಟಿಒಗೆ ಒಯ್ದಾಗ ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ನೋಡುತ್ತಾರೆ. ಬೇರೆ ಸರಣಿಯ, ಬೇರೆ ಸಿಸಿಯ ಎಂಜಿನ್ ಅಲ್ಲೇ ಸಿಕ್ಕಿಬೀಳುತ್ತದೆ. ಟರ್ಬೋ ಹಾಕಿದರೆ ನಂಬರು ಉಳಿಯುತ್ತದೆಂಬ ಮಾತ್ರಕ್ಕೆ ಅದು ಕಾನೂನಿನ ಹೊರಗಿದೆ ಎಂದು ತಿಳಿಯಬಾರದು, ಅದೂ ಮಾರ್ಪಾಟೇ. ತಿಳಿಸದೆ ಮಾಡಿದ ಮಾರ್ಪಾಟನ್ನು ಮುಂದಿಟ್ಟುಕೊಂಡು ಅಪಘಾತವಾದಾಗ ವಿಮಾ ಕಂಪನಿ ಪರಿಹಾರಕ್ಕೆ ತಕರಾರು ತೆಗೆಯಬಹುದು.

ಹಾಗಾಗಿ ನನ್ನ ಕಾರಿನ ಟರ್ಬೋ ರೇಸ್ ಟ್ರ್ಯಾಕಿಗಷ್ಟೇ ಮೀಸಲು. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ಅದನ್ನು ಲಾರಿಯ ಮೇಲೇರಿಸಿಯೇ ಒಯ್ಯುತ್ತೇನೆ. ಟರ್ಬೋವಿನ ಪರವಾಗಿ ನಿಲ್ಲಲು ಇದೂ ಒಂದು ಕಾರಣ: ಮೂಲ ಮ್ಯಾನಿಫೋಲ್ಡು, ಇಂಜೆಕ್ಟರು, ಇಸಿಯು, ಆಯಿಲ್ ಸಂಪು (ಎಂಜಿನ್ನಿನ ತಳದಲ್ಲಿರುವ ಆಯಿಲ್ ತೊಟ್ಟಿ) ಎಲ್ಲವನ್ನೂ ಎತ್ತಿಟ್ಟಿದ್ದರೆ, ಕಾರನ್ನು ಯಾವಾಗ ಬೇಕಾದರೂ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿಸಬಹುದು. ಬಿ ಸರಣಿಗಾಗಿ ಮೌಂಟಿಂಗು ಕತ್ತರಿಸಿ ವೆಲ್ಡ್ ಮಾಡಿಸಿದ ಕಾರಿಗೆ ಆ ದಾರಿ ಸುಲಭವಲ್ಲ, ಮತ್ತು ಕೆಡದ ಹಳೆಯ ಸಿಟಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ.

ಈ ದಾರಿ ಹಿಡಿಯುವವರು ಆಯಿಲ್ ವಿಷಯದಲ್ಲಿ ಜಿಪುಣತನ ತೋರಬಾರದು. ನಿಮಿಷಕ್ಕೆ ಲಕ್ಷ ಸುತ್ತು ಮೀರುವ ಟರ್ಬೋವಿನ ಬೇರಿಂಗಿಗೆ ಎಂಜಿನ್ ಆಯಿಲೇ ಆಧಾರ. ಒಳ್ಳೆಯ ಸಿಂಥೆಟಿಕ್ ಆಯಿಲನ್ನು 5,000 ಕಿಲೋಮೀಟರಿಗೊಮ್ಮೆ ಬದಲಿಸಬೇಕು, ಜೋರಾಗಿ ಓಡಿಸಿದ ಮೇಲೆ ಒಂದೆರಡು ನಿಮಿಷ ಎಂಜಿನ್ ಆಫ್ ಮಾಡದೆ ಬಿಡಬೇಕು. ಟರ್ಬೋದಿಂದ ಸಂಪಿಗೆ ಆಯಿಲ್ ಮರಳುವ ಪೈಪು ಎಲ್ಲೂ ಮೇಲಕ್ಕೆ ಬಾಗದೆ, ದಪ್ಪವಾಗಿ, ನೇರ ಇಳಿಜಾರಿನಲ್ಲಿರಬೇಕು. ಆಯಿಲ್ ಅಲ್ಲಿ ಕಟ್ಟಿ ನಿಂತರೆ ಸೀಲು ದಾಟಿ ಸೈಲೆನ್ಸರಿನಲ್ಲಿ ನೀಲಿ ಹೊಗೆ ಕಾಣಿಸಿಕೊಳ್ಳುತ್ತದೆ. ಬ್ರೇಕಿನ ಮಾತೂ ಅಷ್ಟೇ ಮುಖ್ಯ. ಈ ಕಾರಿಗೆ ಹಿಂದಿರುವುದು ಡ್ರಮ್ ಬ್ರೇಕು. ಮುಂದಿನ ಡಿಸ್ಕು, ಪ್ಯಾಡು, ಬ್ರೇಕ್ ಹೋಸು ಮತ್ತು ಟಯರುಗಳನ್ನು ಹೊಸದಾಗಿಸಿ, 95 ಅಶ್ವಶಕ್ತಿಯಲ್ಲೇ ಕೆಲಕಾಲ ಓಡಿಸಿ ನೋಡಿದ ಮೇಲೆ ಟರ್ಬೋ ಖರೀದಿಗೆ ಹೊರಡುವುದು ಸರಿಯಾದ ಕ್ರಮ.