ನೆತ್ತಿಗೆ ಹತ್ತದ ನೀರು

ನಮ್ಮ ತುಮಕೂರು ಕಡೆ ರಾಗಿ ಮುದ್ದೆಯನ್ನು ಅಗಿದು ತಿನ್ನುವವನನ್ನು ಕಂಡರೆ ಹಿರಿಯರು ನಗುತ್ತಾರೆ. ತುತ್ತು ಮುರಿದು, ಬಸ್ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟರೆ ಅದು ತಾನಾಗಿಯೇ ಇಳಿಯಬೇಕು. ತಾನಾಗಿ ಏನೂ ಇಳಿಯುವುದಿಲ್ಲ, ತುತ್ತನ್ನು ಅಂಗುಳಕ್ಕೊತ್ತಿ ಹಿಂದಕ್ಕೆ ನೂಕುವುದು ನಾಲಿಗೆ ಎಂಬುದು ನನಗೆ ತಿಳಿದದ್ದು 58ನೆಯ ವಯಸ್ಸಿನಲ್ಲಿ, ಆ ನಾಲಿಗೆಯ ಬಲಭಾಗವನ್ನು ಕ್ಯಾನ್ಸರಿಗೆ ಒಪ್ಪಿಸಿದ ಮೇಲೆ.

ಹೊಗೆಸೊಪ್ಪು ಮುಟ್ಟುವುದಿಲ್ಲ, ಹಾಕುವುದು ಬರೀ ಎಲೆ ಅಡಿಕೆ ಎಂಬ ಸಮಾಧಾನದಲ್ಲಿ ಮೂವತ್ತು ವರ್ಷ ಕಳೆದವನು ನಾನು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲೇ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತ್ತು ಎಂಬುದನ್ನು ಓದಿದ್ದು ಆಸ್ಪತ್ರೆಯ ಹಾಸಿಗೆಯಲ್ಲಿ. ಶಸ್ತ್ರಚಿಕಿತ್ಸೆಯಲ್ಲಿ ಎಡ ಮುಂಗೈಯ ಚರ್ಮವನ್ನು ರಕ್ತನಾಳದ ಸಮೇತ ತೆಗೆದು ನಾಲಿಗೆಯ ಜಾಗಕ್ಕೆ ಹೊಲಿದರು. ಕುತ್ತಿಗೆಯ ಗಂಟುಗಳನ್ನೂ ತೆಗೆದರು. ಅನಂತರ 30 ದಿನ ರೇಡಿಯೇಷನ್ ನಡೆಯಿತು. ಹೊಲಿದ ಆ ತುಂಡಿಗೆ ರುಚಿಯಿಲ್ಲ, ಚಲನೆಯಿಲ್ಲ, ಬಿಸಿ ತಣ್ಣಗಿನ ಅರಿವಿಲ್ಲ. ಬಾಯಿಯ ಜಾಗ ತುಂಬುವುದಷ್ಟೇ ಅದರ ಕೆಲಸ.

ಮೂಗಿನ ನಳಿಕೆ ತೆಗೆದು ಮನೆಗೆ ಕಳುಹಿಸುವಾಗ ಚೀಟಿಯಲ್ಲಿ ‘ಮೆತ್ತನೆಯ ಆಹಾರ’ ಎಂದಷ್ಟೇ ಬರೆದಿದ್ದರು. ನುಂಗುವ ವಿಷಯವಾಗಿ ಯಾರೂ ಒಂದು ಮಾತು ಹೇಳಲಿಲ್ಲ ಎಂಬ ಬೇಸರ ಇಂದಿಗೂ ನನ್ನಲ್ಲಿದೆ. ಬಂದವರೆಲ್ಲ ಉಪಚಾರಕ್ಕೆ ನೀರನ್ನೇ ಮುಂದೆ ಹಿಡಿಯುತ್ತಿದ್ದರು. ‘ಗಟ್ಟಿ ಇಳಿಯದಿದ್ದರೆ ಒಂದು ಲೋಟ ನೀರಾದರೂ ಕುಡೀರಿ ಭಾವ’ ಎಂದು ನನ್ನ ಮೈದುನ ಒತ್ತಾಯಿಸಿದರೆ ನಾನು ಕುಡಿಯುತ್ತಿದ್ದೆ, ಕೆಮ್ಮೂ ಬರುತ್ತಿರಲಿಲ್ಲ. ಆದರೆ ಸಂಜೆಯ ಹೊತ್ತಿಗೆ ಮೈ ಬೆಚ್ಚಗಾಗುತ್ತಿತ್ತು, ಎದೆಯಲ್ಲಿ ಗೊರಗೊರ ಎನ್ನುತ್ತಿತ್ತು. ಎರಡನೆಯ ಸಲ ನ್ಯುಮೋನಿಯಾ ಆದಾಗ ಬೇರೊಬ್ಬ ವೈದ್ಯರು ನುಂಗುವಿಕೆಯ ಎಕ್ಸ್-ರೇ ಪರೀಕ್ಷೆಗೆ ಬರೆದುಕೊಟ್ಟರು.

ಆ ದಿನವನ್ನು ನಾನು ಮರೆಯಲಾರೆ. ಯಂತ್ರದ ನಡುವೆ ಪಕ್ಕಕ್ಕೆ ತಿರುಗಿಸಿ ಕೂರಿಸಿ, ಸುಣ್ಣದ ತಿಳಿಯಂತಿದ್ದ ಬೇರಿಯಂ ಬೆರೆತ ನೀರನ್ನು ಒಂದು ಚಮಚ ಬಾಯಿಗೆ ಹಾಕಿದರು. ಬಾಯಲ್ಲಿ ಬೆಳ್ಳಗಿದ್ದದ್ದು ಪರದೆಯ ಮೇಲೆ ಕಪ್ಪಗೆ ಕಾಣುತ್ತಿತ್ತು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ ಬಂದಿದ್ದ ಯುವ ಥೆರಪಿಸ್ಟ್ ಅದೇ ದೃಶ್ಯವನ್ನು ನಿಧಾನವಾಗಿ ಮತ್ತೆ ಓಡಿಸಿದರು. ನುಂಗುವ ಕ್ಷಣದಲ್ಲಿ ಧ್ವನಿಪೆಟ್ಟಿಗೆ ಮೇಲಕ್ಕೇರಿ ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳಬೇಕು; ಇದೆಲ್ಲ ಮುಗಿಯಲು ಹೆಚ್ಚುಕಡಿಮೆ ಒಂದು ಸೆಕೆಂಡು ಸಾಕು. ನನ್ನ ನಾಲಿಗೆಗೆ ನೀರನ್ನು ತಡೆದು ಹಿಡಿಯಲಾಗದೆ, ಬಾಗಿಲು ಮುಚ್ಚುವ ಮೊದಲೇ ಅದು ಜಾರಿ, ಕೂದಲೆಳೆಯಂಥ ಕಪ್ಪು ಗೆರೆಯಾಗಿ ಶ್ವಾಸನಾಳದ ಗೋಡೆಯುದ್ದಕ್ಕೂ ಇಳಿಯಿತು. ‘ನೋಡಿ ಸರ್, ಇಷ್ಟು ಹೋದರೂ ನಿಮಗೆ ಕೆಮ್ಮು ಬರಲಿಲ್ಲ’ ಎಂದರು ಆಕೆ.

ಊಟ ಮಾಡುವಾಗ ನೆತ್ತಿಗೆ ಹತ್ತಿದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎಂದು ನೆತ್ತಿ ತಟ್ಟುವ ಮನೆಯಲ್ಲಿ ಬೆಳೆದವನು ನಾನು. ಆ ಕೆಮ್ಮು ಕಾವಲುಗಾರನೆಂದೂ, ಗಂಟಲಿನ ಅರಿವು ಮಂಕಾದರೆ ಅವನು ಎಚ್ಚರಗೊಳ್ಳುವುದೇ ಇಲ್ಲವೆಂದೂ ಅಂದು ಅರ್ಥವಾಯಿತು. ಕೆಮ್ಮಿಲ್ಲವೆಂದು ನಾವು ಅಷ್ಟು ದಿನ ಸಂತೋಷಪಟ್ಟಿದ್ದೆವು!

ಮುಂದಿನ ಚಮಚ ಗಟ್ಟಿ ಮಜ್ಜಿಗೆಯಷ್ಟು ಮಂದವಾಗಿತ್ತು. ಚಮಚವನ್ನು ಎಡಗಡೆಗೆ ಇಡಿ, ಉಸಿರು ಹಿಡಿಯಿರಿ, ನುಂಗಿ, ಮತ್ತೆ ಉಸಿರೆಳೆದುಕೊಳ್ಳುವ ಮೊದಲು ಬೇಕೆಂದೇ ಕೆಮ್ಮಿ, ಇನ್ನೊಮ್ಮೆ ನುಂಗಿ ಎಂದು ಆಕೆ ಹೇಳಿಕೊಟ್ಟರು. ಅದು ನಿಧಾನವಾಗಿ, ದಾರಿ ತಪ್ಪದೆ, ಅನ್ನನಾಳಕ್ಕೆ ಇಳಿದುದನ್ನು ಕಣ್ಣಾರೆ ಕಂಡೆ. ನೀರಿಗಿಂತ ಅಂಬಲಿ ಸಲೀಸು ಎಂಬುದನ್ನು ಮನೆಯವರಿಗೆ ನಂಬಿಸುವುದೇ ದೊಡ್ಡ ಕೆಲಸವಾಯಿತು.

ನನ್ನ ಹೆಂಡತಿ ಮಾತ್ರ ಆ ವಿದ್ಯೆಯನ್ನು ಒಂದೇ ದಿನದಲ್ಲಿ ಕಲಿತಳು. ರಾಗಿ ಅಂಬಲಿಯನ್ನು ಬಟ್ಟೆಯಲ್ಲಿ ಸೋಸಿ, ಹಿಡಿ ತೆಗೆದ ಸಿರಿಂಜಿನ ತುದಿಗೆ ಬೆರಳೊತ್ತಿ 10 ಮಿಲೀ ತುಂಬಿ, ಬೆರಳು ತೆಗೆದು ಹತ್ತು ಸೆಕೆಂಡು ಎಣಿಸುತ್ತಾಳೆ. ಎಂಟಕ್ಕಿಂತ ಹೆಚ್ಚು ಉಳಿದರೆ ನನಗೆ ಹೇಳಿದ ಹದ. ಕಡಿಮೆಯಾದರೆ ಮತ್ತೆ ಒಲೆಗೆ. ಅಡುಗೆಯ ಹದವನ್ನು ಬೆರಳ ತುದಿಯಲ್ಲೇ ಹೇಳಬಲ್ಲವಳು ಗಡಿಯಾರದ ಮುಳ್ಳು ನೋಡುತ್ತ ನಿಂತಿರುವುದನ್ನು ಕಂಡಾಗ ನನಗೆ ಸಂಕೋಚವಾಗುತ್ತಿತ್ತು. ಅರ್ಧ ಲೋಟ ಮುಗಿಸಲು ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ನಡುವೆ ಮಾತಾಡುವಂತಿಲ್ಲ, ಟಿ.ವಿ. ಹಾಕುವಂತಿಲ್ಲ.

ಏಳೆಂಟು ವಾರಗಳ ಅನಂತರ ಒಂದು ಬೆಳಿಗ್ಗೆ ಒಂಬತ್ತನೆಯ ಚಮಚದಲ್ಲಿ ಲೆಕ್ಕ ತಪ್ಪಿ, ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮು ನುಗ್ಗಿತು. ಅವಳು ಗಾಬರಿಯಿಂದ ಓಡಿಬಂದು, ಥೆರಪಿಸ್ಟ್ ಹೇಳಿದ್ದೆಲ್ಲ ಮರೆತು, ನನ್ನ ನೆತ್ತಿ ತಟ್ಟಿದಳು. ನಾನು ಕೆಮ್ಮುತ್ತಲೇ ಕೈ ಸನ್ನೆ ಮಾಡಿ ಪೆನ್ನು ಕೇಳಿ, ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ‘ಕೆಮ್ಮು ಬಂತು’ ಎಂದು ಬರೆದೆ.