ಸ್ಯಾಟಲೈಟಿನ ಬೇರಿಂಗು

ಬೇರಿಂಗ್ ಹೋಗಿದೆಯೋ ಇಲ್ಲವೋ ನೋಡೋಕೆ ನನ್ನ ಅಂಗಡಿಯಲ್ಲಿ ಮೀಟರು ಗೀಟರು ಏನೂ ಇಲ್ಲ. ಒಂದು ಉದ್ದನೆಯ ಸ್ಕ್ರೂಡ್ರೈವರ್ ಇದೆ. ಅದರ ತುದಿಯನ್ನು ಓಡುತ್ತಿರುವ ಮೋಟರಿನ ಎಂಡ್ ಕವರಿಗೆ ಒತ್ತುತ್ತೇನೆ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಇಡುತ್ತೇನೆ. ಒಳ್ಳೆ ಬೇರಿಂಗಾದರೆ ಒಂದೇ ಸಮನೆ ಸಣ್ಣ ಗುಂಯ್ ಸದ್ದು. ಗ್ರೀಸ್ ಒಣಗಿದ್ದರೆ ಕಿರ್ರ್ ಅನ್ನುತ್ತದೆ. ಬೇರಿಂಗಿನ ಒಳಗೆ ಉರುಳುವ ಉಕ್ಕಿನ ಗುಂಡುಗಳಲ್ಲಿ ಕಚ್ಚು ಬಿದ್ದಿದ್ದರೆ ನಡುನಡುವೆ ಟಕ್ ಟಕ್. ಸಾಗರದಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡವನಿಗೆ ಈ ಸದ್ದುಗಳೇ ಅರ್ಧ ವ್ಯಾಪಾರ. ಮಳೆಗಾಲ ಕಳೆದು ತೋಟಕ್ಕೆ ನೀರು ಬಿಡುವ ಹೊತ್ತಿಗೆ ಪಂಪುಗಳು ಸಾಲುಗಟ್ಟಿ ಬರುತ್ತವೆ. ತಿಂಗಳುಗಟ್ಟಲೆ ತೇವದಲ್ಲಿ ಸುಮ್ನೆ ಕೂತ ಮೋಟರುಗಳು. ಸುಟ್ಟ ವೈಂಡಿಂಗಿಗಿಂತ ಹಿಡಿದುಕೊಂಡ ಬೇರಿಂಗೇ ಜಾಸ್ತಿ.

ಅಕ್ಕನ ಮಗ ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ರಜೆಗೆ ಬಂದಾಗ ಅಂಗಡಿಯಲ್ಲಿ ಕೂರುತ್ತಾನೆ, ಕೆಲಸಕ್ಕಿಂತ ಮಾತು ಜಾಸ್ತಿ. ಒಂದು ದಿನ ನಾನು ಪುಲ್ಲರ್ ಹಾಕಿ 6205 ಬೇರಿಂಗ್ ಎಳೆಯುತ್ತಿದ್ದೆ. "ಮಾವ, ಸ್ಯಾಟಲೈಟ್ ಒಳಗೂ ಮೋಟರ್ ಇರುತ್ತೆ. ಅದರ ಬೇರಿಂಗ್ ಹೋಗಿ ಎಷ್ಟೋ ಸ್ಯಾಟಲೈಟಿನ ಕೆಲಸ ಕೆಟ್ಟಿದೆ, ಗೊತ್ತಾ?" ಅಂದ. "ಹೋಗೋ ಮಾರಾಯ, ಅಲ್ಲಿ ಎಂತಕ್ಕೆ ಮೋಟರು? ನೀರು ಎತ್ತಬೇಕಾ?" ಅಂದೆ. ಅವನು ಫೋನಿನಲ್ಲಿ ಚಿತ್ರ ತೋರಿಸಿದ. ಒಂದು ಸಣ್ಣ ಡಬ್ಬಿ, ಒಳಗೆ ಭಾರವಾದ ಚಕ್ರ, ನಡುವೆ ಶಾಫ್ಟು, ಶಾಫ್ಟಿಗೆ ಬೇರಿಂಗು. ಹೆಸರು ರಿಯಾಕ್ಷನ್ ವೀಲ್. ಅವತ್ತಿನಿಂದ ರಾತ್ರಿ ಊಟ ಆದಮೇಲೆ ಇದನ್ನೇ ಓದುತ್ತಿದ್ದೇನೆ. ಹೆಂಡತಿಗೆ ತಲೆಬಿಸಿ.

ವಿಷಯ ಇಷ್ಟು. ಆಕಾಶದಲ್ಲಿ ಸ್ಯಾಟಲೈಟ್ ಮುಖ ತಿರುಗಿಸುತ್ತಲೇ ಇರಬೇಕು. ಆಂಟೆನಾ ಭೂಮಿ ಕಡೆಗಿರಬೇಕು, ಸೋಲಾರ್ ಪ್ಯಾನೆಲ್ ಸೂರ್ಯನ ಕಡೆಗಿರಬೇಕು, ಕ್ಯಾಮೆರಾ ಹೇಳಿದ ಜಾಗಕ್ಕೇ ನೋಡಬೇಕು. ಆದರೆ ಒತ್ತಿ ತಿರುಗೋಕೆ ಅಲ್ಲಿ ನೆಲವಿಲ್ಲ, ನೀರಿಲ್ಲ, ಗಾಳಿಯೂ ಇಲ್ಲದ ಹಾಗೆ. ಹಾಗಾದರೆ ತಿರುಗುವುದು ಹೇಗೆ?

ಆಂಗಲ್ ಗ್ರೈಂಡರ್ ಹಿಡಿದವರಿಗೆ ಉತ್ತರ ಕೈಗೇ ಗೊತ್ತು. ಸ್ವಿಚ್ ಒತ್ತಿದ ಕೂಡಲೇ ಮೆಷಿನ್ ಒಂದು ಸಲ ಎದುರು ದಿಕ್ಕಿಗೆ ತಿರುಚುತ್ತದೆ. ಒಳಗಿನ ಮೋಟರು ಒಂದು ಕಡೆ ವೇಗ ಹಿಡಿದರೆ ಬಾಡಿ ಇನ್ನೊಂದು ಕಡೆ ಹೋಗುತ್ತದೆ. ನಾವು ಬಿಗಿ ಹಿಡಿದಿರುವುದರಿಂದ ಮಣಿಕಟ್ಟಿಗೆ ಮಾತ್ರ ಗೊತ್ತಾಗುತ್ತದೆ. ಪೂರ್ತಿ ಸ್ಪೀಡಿಗೆ ಬಂದಮೇಲೆ ಆ ತಿರುಚು ಇಲ್ಲ. ಆಫ್ ಮಾಡಿ ಬ್ರೇಕ್ ಬಿದ್ದರೆ ಈ ಸಲ ಮತ್ತೊಂದು ದಿಕ್ಕಿಗೆ. ಅಂದರೆ ಚಕ್ರ ತಿರುಗುವುದು ಮುಖ್ಯವಲ್ಲ, ಅದರ ವೇಗ ಬದಲಾಗುವುದು ಮುಖ್ಯ. ಸ್ಯಾಟಲೈಟನ್ನು ಹಿಡಿದುಕೊಳ್ಳುವ ಕೈ ಇಲ್ಲ. ಒಳಗೆ ಚಕ್ರದ ವೇಗ ಏರಿಸಿದರೆ ಇಡೀ ಸ್ಯಾಟಲೈಟು ಎದುರು ದಿಕ್ಕಿಗೆ ಮೆಲ್ಲಗೆ ತಿರುಗುತ್ತದೆ. ಸಾಕು ಅನಿಸಿದಾಗ ಚಕ್ರದ ವೇಗ ಮೊದಲಿನಷ್ಟಕ್ಕೆ ತಂದರೆ ನಿಲ್ಲುತ್ತದೆ. ಪೆಟ್ರೋಲ್ ಬೇಡ, ಸೋಲಾರ್ ಕರೆಂಟು ಸಾಕು.

ಮೂರು ದಿಕ್ಕಿಗೆ ಮೂರು ಚಕ್ರ ಬೇಕು. ಸಾಮಾನ್ಯವಾಗಿ ನಾಲ್ಕು ಹಾಕುತ್ತಾರೆ, ನಾಲ್ಕನ್ನೂ ಓರೆಯಾಗಿ ಕೂರಿಸಿ. ಯಾವ ಒಂದು ಕೆಟ್ಟರೂ ಉಳಿದ ಮೂರರಲ್ಲಿ ಕೆಲಸ ಸಾಗುತ್ತದೆ. ಹಬಲ್ ದೂರದರ್ಶಕದಲ್ಲಿ ಇರುವುದೂ ನಾಲ್ಕೇ, ಒಂದೊಂದು ಸುಮಾರು 45 ಕೆಜಿ. ಸುಮಾರು 12 ಟನ್ ತೂಕದ ಆ ದೊಡ್ಡ ಕೊಳವೆ ಕಾಲು ಸುತ್ತು ತಿರುಗೋಕೆ 15 ನಿಮಿಷ ತಗೊಳ್ಳುತ್ತದೆ. ನಿಧಾನ ಅನ್ನಿಸುತ್ತದೆ, ಅಲ್ವಾ? ಆದರೆ ಗುರಿ ಹಿಡಿದಮೇಲೆ ಅಲುಗುವ ಹಾಗಿಲ್ಲ. ಆತುರ ಮಾಡಿದರೆ ಫೋಟೋ ಕೆಡುತ್ತದೆ.

ನಮ್ಮ ಇಸ್ರೋಗೆ ಈ ಚಕ್ರಗಳನ್ನು ಮಾಡುವುದು ತಿರುವನಂತಪುರದ ಇನರ್ಷಿಯಲ್ ಸಿಸ್ಟಮ್ಸ್ ಯುನಿಟ್. ರಾಕೆಟ್ ಹಾರಿಸುವವರ ಹೆಸರು ಟೀವಿಯಲ್ಲಿ ಬರುತ್ತದೆ, ಈ ಜಾಗದ ಹೆಸರು ಎಷ್ಟು ಜನ ಕೇಳಿದ್ದಾರೆ? 1975ರ ಆರ್ಯಭಟಕ್ಕೆ ಇಂಥ ಚಕ್ರ ಇರಲಿಲ್ಲ. ಅದು ತಾನೇ ಸುತ್ತುತ್ತಾ ನೆಟ್ಟಗೆ ನಿಲ್ಲುತ್ತಿತ್ತು. 2013ರಲ್ಲಿ ಹೊರಟ ಮಂಗಳಯಾನದಲ್ಲಿ ನಾಲ್ಕು ಚಕ್ರ ಇದ್ದವು.

ಇಲ್ಲೊಂದು ತೊಡಕಿದೆ. ಅದು ನನಗೆ ಬಹಳ ಇಷ್ಟವಾಯಿತು. ಬಿಸಿಲು ಕೂಡ ಸ್ಯಾಟಲೈಟನ್ನು ತಳ್ಳುತ್ತದೆ. ತೀರಾ ಸಣ್ಣ ಒತ್ತಡ, ಆದರೆ ಬಿಡುವಿಲ್ಲದೆ. ಒಂದು ಕಡೆಯ ಪ್ಯಾನೆಲ್ ದೊಡ್ಡದಿದ್ದರೆ ಓರೆಯಾಗಿಯೇ ತಳ್ಳುತ್ತದೆ. ಕೆಳಗಿನ ಕಕ್ಷೆಯಲ್ಲಿ ಇದ್ದಬದ್ದ ತೆಳು ಗಾಳಿ ಬೇರೆ. ಅದನ್ನು ತಡೆಯೋಕೆ ಚಕ್ರ ಸ್ವಲ್ಪ ಸ್ವಲ್ಪವೇ ವೇಗ ಏರಿಸಿಕೊಳ್ಳುತ್ತಾ ಹೋಗಬೇಕು. ಹೀಗೆ ಏರುತ್ತಾ ಏರುತ್ತಾ ಒಂದು ದಿನ ಚಕ್ರ ತನ್ನ ಗರಿಷ್ಠ ವೇಗ ಮುಟ್ಟುತ್ತದೆ. ನಮ್ಮ ಎರಡು ಪೋಲಿನ ಪಂಪ್ ಮೋಟರು ನಿಮಿಷಕ್ಕೆ 2880 ಸುತ್ತು, ಈ ಚಕ್ರಗಳಲ್ಲಿ ಕೆಲವು ಅದರ ದುಪ್ಪಟ್ಟು ಓಡುತ್ತವೆ. ಅಲ್ಲಿಂದ ಮುಂದೆ ಏರಿಸೋಕೆ ಆಗದಿದ್ದರೆ ಸ್ಯಾಟಲೈಟಿನ ಹಿಡಿತ ತಪ್ಪಿತು. ಸುಮ್ನೆ ಬ್ರೇಕ್ ಹಾಕೋಣ ಅಂದರೆ ಕೂಡಿಟ್ಟ ತಿರುಗುಬಲವೆಲ್ಲ ಸ್ಯಾಟಲೈಟಿಗೇ ಬಂದು ಅದು ಗಿರಗಿರ ಸುತ್ತುತ್ತದೆ. ಹೊರಗಿನಿಂದ ಏನಾದರೂ ಹಿಡಿದುಕೊಳ್ಳಲೇಬೇಕು.

ಭೂಮಿಯ ಹತ್ತಿರ ಹಿಡಿದುಕೊಳ್ಳೋಕೆ ಒಂದು ವಸ್ತು ಇದೆ, ಭೂಮಿಯ ಕಾಂತಕ್ಷೇತ್ರ. ಅದಕ್ಕೆ ಬೇಕಾದದ್ದು ಟಾರ್ಕ್ ರಾಡ್. ಇದನ್ನು ಓದಿದಾಗ ನಿಜವಾಗಿಯೂ ಕುರ್ಚಿಯಿಂದ ಎದ್ದೆ. ಏಕೆಂದರೆ ಇದು ನನ್ನ ಕಸುಬು. ಉದ್ದನೆಯ ಲೋಹದ ಕೋಲು, ಅದರ ಮೇಲೆ ತಾಮ್ರದ ಎನಾಮಲ್ ತಂತಿ ಪದರ ಪದರವಾಗಿ ಸುತ್ತಿದ್ದು. ಕರೆಂಟು ಬಿಟ್ಟರೆ ಕೋಲು ಅಯಸ್ಕಾಂತವಾಗುತ್ತದೆ, ಭೂಮಿಯ ಕಾಂತಕ್ಷೇತ್ರದ ಜೊತೆ ಸರಿಹೊಂದೋಕೆ ಎಳೆಯುತ್ತದೆ. ಆ ಎಳೆತವನ್ನು ಹಿಡಿದುಕೊಂಡು ಚಕ್ರದ ವೇಗವನ್ನು ಇಳಿಸುತ್ತಾರೆ. ಬೇರಿಂಗಿಲ್ಲ, ಗ್ರೀಸಿಲ್ಲ, ತಿರುಗುವ ಭಾಗವೇ ಇಲ್ಲ. ಕೆಡೋಕೆ ತಂತಿ ತುಂಡಾಗಬೇಕು ಅಷ್ಟೆ. ಇಂಥ ಸುರುಳಿ ಸುತ್ತುವವನ ಮುಂದೆ ಕೂತು ನೋಡಬೇಕು ಅಂತ ಆಸೆ. ನಾನು ಸುತ್ತುವಾಗ ಬೆರಳಿನ ಬಿಗಿ ಸ್ವಲ್ಪ ಸಡಿಲಾದರೂ ಮೇಲಿನ ಸುತ್ತು ಕೆಳಗೆ ಜಾರುತ್ತದೆ, ಎನಾಮಲ್ ಉಜ್ಜಿಕೊಳ್ಳುತ್ತದೆ. ಪಂಪಾದರೆ ತಿರುಗಿ ತರುತ್ತಾರೆ, ಬೈಯುತ್ತಾರೆ, ನಾನು ಮತ್ತೆ ಸುತ್ತಿಕೊಡುತ್ತೇನೆ. ಅವನಿಗೆ ಆ ಅವಕಾಶವಿಲ್ಲ.

ಹಬಲ್‌ನಲ್ಲಿ ಅನಿಲ ಚಿಮ್ಮುವ ಥ್ರಸ್ಟರ್ ಒಂದೂ ಇಲ್ಲ. ಹೊಗೆ ಬಂದು ಕನ್ನಡಿಗೆ ಅಂಟಬಾರದು ಅಂತ. ಚಕ್ರದ ವೇಗ ಇಳಿಸುವ ಕೆಲಸ ಪೂರ್ತಿ ಈ ಸುರುಳಿಗಳದ್ದೇ. ಮಂಗಳನ ಹತ್ತಿರ ಹೋದರೆ ಇದು ನಡೆಯುವುದಿಲ್ಲ, ಆ ಗ್ರಹಕ್ಕೆ ಭೂಮಿಯ ಹಾಗೆ ಕಾಂತಕ್ಷೇತ್ರ ಇಲ್ಲ. ಅಲ್ಲಿ ಥ್ರಸ್ಟರ್ ಹಾರಿಸಿಯೇ ವೇಗ ಇಳಿಸಬೇಕು. ಮಂಗಳಯಾನದಲ್ಲಿ ಇದಕ್ಕಾಗಿ ಎಂಟು ಸಣ್ಣ ಥ್ರಸ್ಟರ್ ಇದ್ದವು. ಇಂಧನ ಮುಗಿದರೆ ಚಕ್ರ ಗಟ್ಟಿಯಿದ್ದರೂ ಪ್ರಯೋಜನವಿಲ್ಲ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಷ್ಟು ದೊಡ್ಡದಕ್ಕೆ ಸಣ್ಣ ಚಕ್ರ ಸಾಲದು. ಅಲ್ಲಿ ಸುಮಾರು 100 ಕೆಜಿಯ ಉಕ್ಕಿನ ಚಕ್ರಗಳು, ನಾಲ್ಕು, ನಿಮಿಷಕ್ಕೆ 6,600 ಸುತ್ತು. ವೇಗ ಬದಲಿಸುವುದಿಲ್ಲ, ಓಡುತ್ತಿರುವ ಚಕ್ರದ ಅಕ್ಷವನ್ನೇ ವಾಲಿಸುತ್ತಾರೆ. 2002ರಲ್ಲಿ ಅದರಲ್ಲೊಂದು ನಿಂತುಹೋಯಿತು. 2005ರಲ್ಲಿ ಗಗನಯಾತ್ರಿಗಳು ಹೊರಗಿಳಿದು ಹಳೆಯದನ್ನು ಬಿಚ್ಚಿ ಹೊಸದು ಕೂರಿಸಿದರು. ಹಬಲ್‌ನ ಒಂದು ಚಕ್ರವನ್ನೂ 2002ರಲ್ಲಿ ಹೀಗೇ ಬದಲಾಯಿಸಿದ್ದರು. ಮನುಷ್ಯರು ಹೋಗಬಹುದಾದ ಜಾಗಕ್ಕೆ ಸರಿ. ಹೋಗೋಕಾಗದ ಜಾಗಕ್ಕೆ?

ಕೆಪ್ಲರ್ ದೂರದರ್ಶಕದ ಕತೆ ಅದು. 2009ರಲ್ಲಿ ಹಾರಿಸಿದ್ದು. ಅದು ಸುತ್ತುತ್ತಿದ್ದದ್ದು ಭೂಮಿಯನ್ನಲ್ಲ, ಭೂಮಿಯ ಹಿಂದಿನಿಂದ ಸೂರ್ಯನನ್ನು. ಬೇರೆ ನಕ್ಷತ್ರಗಳ ಗ್ರಹ ಹುಡುಕುವ ಕೆಲಸ, ಅದಕ್ಕೆ ವರ್ಷಗಟ್ಟಲೆ ಒಂದೇ ಕಡೆ ಅಲುಗದೆ ನೋಡುತ್ತಿರಬೇಕು. 2012ರ ಜುಲೈಯಲ್ಲಿ ನಾಲ್ಕರಲ್ಲಿ ಒಂದು ಚಕ್ರ ಹೋಯಿತು. 2013ರ ಜನವರಿಯಲ್ಲಿ ಇನ್ನೊಂದರಲ್ಲಿ ಉಜ್ಜಾಟ ಜಾಸ್ತಿ ಆಗುತ್ತಿರುವುದು ಕಾಣಿಸಿತು. ಆಗ ಅವರು ಏನು ಮಾಡಿದರು ಗೊತ್ತಾ? ಚಕ್ರಗಳನ್ನೆಲ್ಲ ನಿಲ್ಲಿಸಿ 10 ದಿನ ವಿಶ್ರಾಂತಿ ಕೊಟ್ಟರು. ಒಳಗಿನ ಎಣ್ಣೆ ಮತ್ತೆ ಸರಿಯಾಗಿ ಹರಡಿಕೊಂಡೀತು ಅಂತ. ಓದಿ ನಗು ಬಂತು, ಆಮೇಲೆ ಬೇಸರವಾಯಿತು. ಗ್ರೀಸ್ ಗನ್ ಇಲ್ಲದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಮೇ ತಿಂಗಳಲ್ಲಿ ಆ ಚಕ್ರವೂ ನಿಂತಿತು.

ಅಲ್ಲಿನ ಎಣ್ಣೆಯ ವಿಷಯವೇ ಬೇರೆ. ಗಾಳಿಯಿಲ್ಲದ ಕಡೆ ಸಾದಾ ಗ್ರೀಸ್ ಆವಿಯಾಗಿ ಹೋಗುತ್ತದೆ. ಅದಕ್ಕೆ ಆವಿಯಾಗದ ವಿಶೇಷ ಎಣ್ಣೆ, ಅದೂ ಚೂರೇ ಚೂರು. ಹೆಚ್ಚು ಹಾಕಿದರೆ ಎಣ್ಣೆಯೇ ಚಕ್ರವನ್ನು ಎಳೆಯುತ್ತದೆ, ಕಡಿಮೆ ಹಾಕಿದರೆ ಕಬ್ಬಿಣಕ್ಕೆ ಕಬ್ಬಿಣ ತಾಗುತ್ತದೆ. ಚಕ್ರ ತೀರಾ ನಿಧಾನಕ್ಕೆ ತಿರುಗುವುದೂ ಅಪಾಯ, ಗುಂಡಿನ ಕೆಳಗೆ ಎಣ್ಣೆಯ ಪೊರೆ ನಿಲ್ಲುವುದಿಲ್ಲ. ಹಾಗಾಗಿ ಸಾಧ್ಯವಾದಷ್ಟು ಸೊನ್ನೆ ವೇಗಕ್ಕೆ ಇಳಿಯದ ಹಾಗೆ ಓಡಿಸುತ್ತಾರೆ. ನಮ್ಮ ತೋಟದ ಯಜಮಾನರಿಗೆ ಇದನ್ನೇ ಹೇಳಿ ಹೇಳಿ ಸಾಕಾಗಿದೆ. ಮಳೆಗಾಲದಲ್ಲೂ ವಾರಕ್ಕೊಮ್ಮೆ ಮೋಟರ್ ಸ್ವಲ್ಪ ಹೊತ್ತು ಓಡಿಸಿ ಅಂತ. ಯಾರು ಕೇಳುತ್ತಾರೆ!

ಎರಡೇ ಚಕ್ರ ಉಳಿದ ಕೆಪ್ಲರ್ ಅಲ್ಲಿಗೆ ಮುಗಿಯಲಿಲ್ಲ. ಮೂರನೆಯ ಚಕ್ರದ ಬದಲು ಬಿಸಿಲನ್ನೇ ಹಿಡಿದುಕೊಂಡರು. ಅಷ್ಟು ದಿನ ಚಕ್ರಕ್ಕೆ ಹೊರೆಯಾಗಿದ್ದ ಅದೇ ಬಿಸಿಲು. ಪ್ಯಾನೆಲ್‌ನ ನಡುಗೆರೆಯ ಎರಡೂ ಬದಿಗೆ ಬಿಸಿಲು ಸಮವಾಗಿ ಬೀಳುವ ಹಾಗೆ ದೂರದರ್ಶಕವನ್ನು ಓರೆ ನಿಲ್ಲಿಸಿದರು. ಎರಡು ಕಡೆಯ ತಳ್ಳು ಸಮ, ಹಾಗಾಗಿ ವಾಲುವುದಿಲ್ಲ. ಸ್ವಲ್ಪ ಜಾರಿದರೆ ಥ್ರಸ್ಟರಿನಿಂದ ಸರಿಮಾಡುವುದು. 2014ರಿಂದ 2018ರ ಅಕ್ಟೋಬರಿನಲ್ಲಿ ಇಂಧನ ಮುಗಿಯುವ ತನಕ ಹೀಗೇ ಕೆಲಸ ಮಾಡಿತು. ಒಟ್ಟು 2,600ಕ್ಕೂ ಹೆಚ್ಚು ಗ್ರಹ ಪತ್ತೆಯಾದವು. ಜಪಾನಿನ ಹಯಬೂಸಾ ನೌಕೆ ಕೂಡ 2005ರಲ್ಲಿ ಮೂರರಲ್ಲಿ ಎರಡು ಚಕ್ರ ಕಳೆದುಕೊಂಡು, ಇಂಜಿನ್ನಿಗೆ ಇಟ್ಟಿದ್ದ ಕ್ಸೆನಾನ್ ಅನಿಲವನ್ನೇ ಊದಿ ಊದಿ ಸರಿ ನಿಂತು, 2010ರಲ್ಲಿ ಕ್ಷುದ್ರಗ್ರಹದ ಧೂಳು ತಂದು ಆಸ್ಟ್ರೇಲಿಯಾದಲ್ಲಿ ಇಳಿಸಿತು. ಇಂಥ ರಿಪೇರಿ ಮಾಡಿದವರನ್ನು ನಾನು ರಾಕೆಟ್ ಮಾಡಿದವರಿಗಿಂತ ಮೇಲೆ ಇಡುತ್ತೇನೆ. ಪಕ್ಷಪಾತ ಅನ್ನಿ, ಪರವಾಗಿಲ್ಲ.

ಇಷ್ಟೊಂದು ಬೇರಿಂಗ್ ಯಾಕೆ ಹೋಗುತ್ತವೆ ಅನ್ನುವುದಕ್ಕೆ ಒಂದು ವಾದ ಇದೆ. ಸೂರ್ಯನ ಬಿರುಗಾಳಿ ಬಂದಾಗ ಸ್ಯಾಟಲೈಟಿನ ಭಾಗಗಳಲ್ಲಿ ವಿದ್ಯುತ್ ಕೂಡಿಕೊಳ್ಳುತ್ತದೆ. ಅದು ಚಕ್ರದಿಂದ ಬಾಡಿಗೆ ಹಾರುವಾಗ ದಾರಿ ಬೇರಿಂಗಿನ ಗುಂಡುಗಳೇ. ಎಣ್ಣೆಯ ತೆಳು ಪೊರೆಯನ್ನು ಸೀಳಿ ಸಣ್ಣ ಕಿಡಿ ಹಾರುತ್ತದೆ, ಉಕ್ಕಿನ ಮೇಲೆ ಚುಕ್ಕಿ ಬೀಳುತ್ತದೆ, ಅಲ್ಲಿಂದ ಉಜ್ಜಾಟ ಶುರು. ಇದನ್ನು ಓದಿದ ಮರುದಿನ ಅಕ್ಕನ ಮಗನನ್ನು ಕರೆದು ಒಂದು ಹಳೆಯ ಬೇರಿಂಗ್ ತೋರಿಸಿದೆ. ಸೊರಬ ಕಡೆಯ ಒಂದು ರೈಸ್ ಮಿಲ್ಲಿನದು. ಬ್ಲೋವರ್ ಮೋಟರಿಗೆ ಡ್ರೈವ್, ಅಂದರೆ ಮೋಟರಿನ ವೇಗ ಹೆಚ್ಚುಕಡಿಮೆ ಮಾಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ, ಹಾಕಿಸಿದ ಮೇಲೆ ಬೇರಿಂಗ್ ನಿಲ್ಲುತ್ತಲೇ ಇರಲಿಲ್ಲ. ಹೊರಗಿನ ರಿಂಗನ್ನು ಕತ್ತರಿಸಿ ಡೀಸೆಲಿನಲ್ಲಿ ತೊಳೆದು ಬೆಳಕಿಗೆ ಹಿಡಿದರೆ ಗುಂಡು ಓಡುವ ದಾರಿಯಲ್ಲಿ ಅಡ್ಡಡ್ಡ ಗೆರೆ, ಒಂದರ ಪಕ್ಕ ಒಂದು, ಸಮ ಅಂತರದಲ್ಲಿ, ಉಗುರು ಎಳೆದರೆ ತಾಗುವಷ್ಟು. ಡ್ರೈವಿನಿಂದ ಬರುವ ವೋಲ್ಟೇಜ್ ಶಾಫ್ಟಿಗೆ ಹತ್ತಿ ಬೇರಿಂಗಿನ ಮೂಲಕ ಇಳಿದ ಗುರುತು ಅದು. "ಅಯ್ಯೋ ಮಾವ, ಇದೇ ಅಲ್ವಾ ಅಲ್ಲೂ ಆಗೋದು!" ಅಂದ ಅವನು.

ಮದ್ದೂ ಎರಡು ಕಡೆ ಒಂದೇ. ಉಕ್ಕಿನ ಬದಲು ಸೆರಾಮಿಕ್ ಗುಂಡು. ಅದರಲ್ಲಿ ಕರೆಂಟು ಹರಿಯುವುದಿಲ್ಲ. ಮಿಲ್ಲಿನ ಯಜಮಾನರಿಗೆ ಇದೆಲ್ಲ ವಿವರಿಸಿ, ಸೆರಾಮಿಕ್ ಬೇರಿಂಗಿನ ರೇಟು ಹೇಳಿದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. "ಅದನ್ನು ಸ್ಯಾಟಲೈಟಿಗೇ ಹಾಕಲಿ ಮಾರಾಯ. ನನಗೆ ಸಾದಾದ್ದೇ ಹಾಕು. ಹೋದರೆ ನೀನಿದ್ದೀಯಲ್ಲ" ಅಂದರು. ಸಾದಾ ಬೇರಿಂಗನ್ನೇ ಹಾಕಿದೆ. ಜೊತೆಗೆ ಶಾಫ್ಟಿಗೆ ಒಂದು ಕಾರ್ಬನ್ ಬ್ರಷ್ ತಾಗಿಸಿ ಅರ್ತ್ ಮಾಡಿಕೊಟ್ಟೆ. ಬ್ರಷ್ಷಿನ ದುಡ್ಡಿಗೂ ಚೌಕಾಶಿ ಮಾಡಿದರು.